ಮೇಲಿನಿಂದ ಬಿದ್ದ ಬೆಂಕಿಗೆ ಹೊಣೆಗಾರರು ಯಾರು?

ಎರಡನೆಯ ಮಹಾಯುದ್ಧದ ಕಾಲದಲ್ಲಿ ಒಂದು ರಾತ್ರಿಯೂ ಅದರ ಮರುದಿನವೂ ನಡೆದ ಎರಡು ಸಂಗತಿಗಳನ್ನು ವಾಚಕರ ಮುಂದೆ ಇಡಬೇಕೆಂದಿದ್ದೇವೆ. ಒಂದು ಆಕಾಶದಲ್ಲಿ ನಡೆಯಿತು, ಇನ್ನೊಂದು ಸಭಾಮಂದಿರದಲ್ಲಿ ನಡೆಯಿತು. ಒಂದನ್ನು ನಡಿಸಿದವರು ಇನ್ನೊಂದನ್ನು ಆಗ ಅರಿತವರಲ್ಲ.

೧೯೪೪ನೆಯ ಇಸವಿ ಫೆಬ್ರವರಿ ತಿಂಗಳ ೮ನೆಯ ತಾರೀಖಿನ ರಾತ್ರಿಯಲ್ಲಿ ಇಂಗ್ಲೆಂಡಿನಿಂದ ಹನ್ನೆರಡು ಲ್ಯಾಂಕಾಸ್ಟರ್ ವಿಮಾನಗಳು ಹೊರಟು ಫ್ರಾನ್ಸ್ ದೇಶದ ಲಿಮೋಜ್ ಎಂಬ ಪಟ್ಟಣಕ್ಕೆ ಬಂದವು. ಆ ದೇಶವು ಆಗ ಜರ್ಮನರ ಕೈಯಲ್ಲಿತ್ತು. ಪಟ್ಟಣದ ಕಾರ್ಖಾನೆಯೊಂದರಲ್ಲಿ ಜರ್ಮನರ ಯುದ್ಧವಿಮಾನಗಳಿಗೆ ಬೇಕಾದ ಯಂತ್ರಗಳು ತಯಾರಾಗುತ್ತಿದ್ದವು. ಅದನ್ನು ಹಾಳುಮಾಡಬೇಕೆಂದು ಅಪ್ಪಣೆಯಾಗಿತ್ತು. ಆದರೆ ರಾತ್ರಿಯಲ್ಲಿ ಅಲ್ಲಿ ದುಡಿಯುತ್ತಿದ್ದವರಲ್ಲಿ ನೂರಾರು ಮಂದಿ ಫ್ರೆಂಚ್ ಹೆಂಗಸರಿದ್ದರು. ಹೊಟ್ಟೆಪಾಡಿಗಾಗಿ ಕೂಲಿಗೆ ಬಂದವರು, ಶತ್ರುಗಳಲ್ಲ. ಆ ವಿಮಾನಗಳ ನಾಯಕರಾದ ಲೆನರ್ಡ್ ಚೆಶೈರ್ ಎಂಬವರಿಗೆ ಆಗ ಇಪ್ಪತ್ತಾರು ವರುಷ ಪ್ರಾಯ. ಅವರು ತಮ್ಮ ದೊಡ್ಡ ವಿಮಾನವನ್ನು ಕಾರ್ಖಾನೆಯ ಮಾಡಿಗೆ ತಗಲುವದೋ ಎಂಬಷ್ಟು ಕೆಳಗೆ ಇಳಿಸಿ, ಬಾಂಬು ಬಿಡದೆ, ಒಂದು ಸಾರಿ ಹಾದುಹೋದರು. ತಿರುಗಿ ಬಂದರು. ಮೂರನೆಯ ಸಾರಿಯೂ ಹಾಗೆಯೇ ಮಾಡಿದರು. ಒಳಗಿದ್ದವರು ಸಂಗತಿಯನ್ನು ತಿಳುಕೊಂಡು ಹೊರಗೆ ಓಡಿದರು. ಆ ಮೇಲೆಯೇ ಅವರು ಗುರುತಿನ ಬೆಂಕಿಬಾಂಬುಗಳನ್ನು ಬಿಟ್ಟರು. ಮಿಕ್ಕ ವಿಮಾನಗಳು ಮೇಲಿನಿಂದ ಭಾರವಾದ ಬಾಂಬುಗಳನ್ನು ಹಾಕಿ ಕಾರ್ಖಾನೆಯನ್ನು ಹಾಳುಮಾಡಿದವು.

ಮರುದಿನ, ಅಂದರೆ ೯ನೆಯ ತಾರೀಖಿನಲ್ಲಿ, ಲಂಡನಿನ ಪ್ರಭುಗಳ ಸಭೆಯಲ್ಲಿ ಚಿಚೆಸ್ಟರಿನ ಬಿಷಪರಾದ ಜಾರ್ಜ್ ಬೆಲ್ ಎಂಬವರು ಎದ್ದುನಿಂತು, ತಮ್ಮ ದೇಶದ ಸರಕಾರವು ಜರ್ಮನಿಯ ಪಟ್ಟಣಗಳನ್ನು ಬುಡಸಹಿತ ಸುಡಿಸುತ್ತಿರುವದು ನ್ಯಾಯವೋ ಎಂದು ಕೇಳಿದರು. ಯುದ್ಧವು ಇನ್ನೂ ಮುಗಿದಿರಲಿಲ್ಲ. ಲಂಡನಿನಲ್ಲಿ ಜರ್ಮನರ ಬಾಂಬುಗಳಿಂದ ಬಿದ್ದ ಮನೆಗಳು ಹಾಗೆಯೇ ಇದ್ದವು. ಅಂಥ ಸಮಯದಲ್ಲಿ ಇಂಥ ಮಾತನ್ನಾಡುವವನು ಜನರ ಮೆಚ್ಚಿಕೆಯನ್ನು ಪಡೆಯನು, ಅವರೂ ಪಡೆಯಲಿಲ್ಲ.

ದೂರದೇಶದ ವಿಮಾನಗಳ ಸಂಗತಿಯಿಂದ ಹೊಲಗದ್ದೆ ಮಾಡಿಕೊಂಡಿರುವ ನಮಗೇನಾಗಬೇಕೆಂದು ಯಾರಾದರೂ ಹೇಳುವದಾದರೆ, ವಿಮಾನವನ್ನು ಸ್ವಲ್ಪ ಹೊತ್ತು ಬದಿಗಿಟ್ಟು ಒಂದು ಬಣವೆಯನ್ನು ನೆನಸಲಿ. ಒಬ್ಬನು ತನ್ನ ಹಗೆಯವನ ಬಣವೆಗೆ ರಾತ್ರಿಯಲ್ಲಿ ಬೆಂಕಿಯಿಟ್ಟನು. ಗಾಳಿಯೆದ್ದು ಕಿಡಿಗಳು ಹಾರಿ ಪಕ್ಕದ ಗುಡಿಸಲುಗಳು ಹತ್ತಿಕೊಂಡವು, ಒಳಗೆ ಮಲಗಿದ್ದ ಕೂಸು ಸತ್ತಿತು. ಪಂಚಾಯತಿಯಲ್ಲಿ ಅವನು, ‘ಕೂಸನ್ನು ನಾನು ಕಾಣಲೇ ಇಲ್ಲ, ಅದರ ಮೇಲೆ ನನಗೆ ಹಗೆಯೂ ಇಲ್ಲ’ ಎನ್ನುವನು. ಅವನ ಮಾತು ಸುಳ್ಳಲ್ಲ. ಆದರೂ ಅದನ್ನು ಕೇಳಿ ಹಿರಿಯರು ಅವನನ್ನು ಸುಮ್ಮನೆ ಮನೆಗೆ ಕಳುಹಿಸುವರೋ? ಇನ್ನೂ ಒಂದು ತೊಡಕನ್ನು ಸೇರಿಸೋಣ. ಗೌಡನು ಹೇಳಿದನು, ಒಬ್ಬ ಆಳು ಕೊಳ್ಳಿಯನ್ನು ತಂದನು, ಮತ್ತೊಬ್ಬನು ಕತ್ತಲಲ್ಲಿ ದಾರಿ ತೋರಿಸಿದನು, ಬೇರೊಬ್ಬನು ನಾಯಿ ಬೊಗಳದ ಹಾಗೆ ರೊಟ್ಟಿಯ ತುಂಡನ್ನು ಎಸೆದನು, ಕಡೆಯವನು ಕೊಳ್ಳಿಯನ್ನು ಬಣವೆಗೆ ಮುಟ್ಟಿಸಿದನು. ಕೂಸಿನ ಪ್ರಾಣಕ್ಕೆ ಯಾರು ಲೆಕ್ಕ ಕೊಡಬೇಕು? ರೊಟ್ಟಿ ಎಸೆದವನಿಗೆ ಪಾಲು ಇಲ್ಲವೋ?

ಲ್ಯಾಂಕಾಸ್ಟರ್ ವಿಮಾನದೊಳಗೆ ಏಳು ಮಂದಿ ಇದ್ದರು. ಒಬ್ಬನು ನಡಿಸುವವನು. ಒಬ್ಬನು ಯಂತ್ರಗಳನ್ನು ನೋಡಿಕೊಳ್ಳುವವನು. ಒಬ್ಬನು ಪರದೆಯ ಹಿಂದೆ ದೀಪವಿಟ್ಟುಕೊಂಡು ನಕ್ಷೆಯನ್ನು ನೋಡಿ ದಾರಿಯನ್ನು ಲೆಕ್ಕಹಾಕುವವನು. ಒಬ್ಬನು ನಿಸ್ತಂತುವಾರ್ತೆಯನ್ನು ಕೇಳುವವನು. ಇಬ್ಬರು, ಬೆನ್ನಿನ ಮೇಲೊಬ್ಬನೂ ಬಾಲದಲ್ಲೊಬ್ಬನೂ, ಕತ್ತಲಲ್ಲಿ ಬರುವ ಶತ್ರುವಿಮಾನಗಳನ್ನು ಕಾಯುತ್ತಾ ಮಿಶಿನ್‌ಗನ್ನಿನ ಹಿಂದೆ ಕೂತವರು. ಏಳನೆಯವನು ಮೂತಿಯಲ್ಲಿ ಬೋರಲಾಗಿ ಮಲಗಿ ಕೆಳಗೆ ನೋಡುತ್ತಾ, ಎಡಕ್ಕೆ ಬಲಕ್ಕೆ ಎಂದು ಹೇಳಿ, ಗುಂಡಿಯನ್ನೊತ್ತಿ ಬಾಂಬುಗಳನ್ನು ಬಿಡುವವನು. ಇವರು ಹಾರುತ್ತಿದ್ದದ್ದು ಸುಮಾರು ೨೦,೦೦೦ ಅಡಿಗಳ ಎತ್ತರದಲ್ಲಿ. ನಮ್ಮ ಮುಳ್ಳಯ್ಯನಗಿರಿಯ ಎತ್ತರಕ್ಕೆ ಮೂರರಷ್ಟಕ್ಕಿಂತಲೂ ಹೆಚ್ಚು. ಅಲ್ಲಿಂದ ನೋಡಿದರೆ ಪಟ್ಟಣವೆಂಬದು ಕತ್ತಲಲ್ಲಿ ಮಿಣುಕುವ ಬಣ್ಣದ ಬೆಳಕುಗಳ ಕೂಟವೇ ಹೊರತು ಮನೆಯೂ ಕಾಣದು, ಮನುಷ್ಯನೂ ಕಾಣನು. ಬಾಂಬು ಬಿಟ್ಟ ಮೇಲೂ ಕೂಡಲೆ ತಿರುಗಿಹೋಗುವ ಹಾಗಿರಲಿಲ್ಲ. ಅದು ಎಲ್ಲಿ ಬಿದ್ದಿತೆಂಬದಕ್ಕೆ ಸಾಕ್ಷಿಯಾಗಿ ಛಾಯಾಚಿತ್ರವು ತೆಗೆಯಲ್ಪಡುವ ತನಕ ನೆಟ್ಟಗೆ ಹಾರುತ್ತಲೇ ಇರಬೇಕು. ಕೆಳಗಿನಿಂದ ತೋಪಿನ ಗುಂಡುಗಳು ಸಿಡಿಯುತ್ತಿರುವಾಗ ಆ ಅರ್ಧ ನಿಮಿಷವು ಎಷ್ಟು ದೀರ್ಘವಾಗಿತ್ತೆಂಬದನ್ನು ಬದುಕಿ ಬಂದ ಅನೇಕರು ಹೇಳಿದ್ದಾರೆ.

ಇವರನ್ನು ಕ್ರೂರರೆಂದು ಎಣಿಸುವದು ಸುಲಭ, ಆದರೆ ನ್ಯಾಯವಲ್ಲ. ಬ್ರಿಟಿಷರ ಬಾಂಬರ್ ದಳದಲ್ಲಿ ಹಾರಿದವರು ಸುಮಾರು ೧,೨೫,೦೦೦ ಮಂದಿ; ಅವರಲ್ಲಿ ಸತ್ತವರು ೫೫,೫೭೩ ಮಂದಿ. ನೂರಕ್ಕೆ ನಲವತ್ತನಾಲ್ಕು! ನಮ್ಮ ಊರುಗಳಲ್ಲಿ ಪ್ಲೇಗು ಬಂದ ವರುಷದಲ್ಲಿಯೂ ಇಂಥ ಲೆಕ್ಕವು ಅಪರೂಪ. ಹೆಚ್ಚಿನವರು ಇಪ್ಪತ್ತೆರಡು ಇಪ್ಪತ್ತಮೂರು ವರುಷದ ಹುಡುಗರು, ಎಲ್ಲರೂ ತಾವಾಗಿಯೇ ಹೆಸರು ಕೊಟ್ಟು ಹಾರುವ ಕೆಲಸಕ್ಕೆ ಬಂದವರು. ಮೂವತ್ತು ಸಾರಿ ಹೋಗಿ ಜೀವದಿಂದ ಬಂದರೆ ಸ್ವಲ್ಪಕಾಲ ಬಿಡುವು ಸಿಕ್ಕುವದು. ನಡುವೆ ಒಬ್ಬನು ಎದೆಗೆಟ್ಟು ‘ಇನ್ನು ನನ್ನಿಂದಾಗದು’ ಎಂದರೆ, ಮನೋಧೈರ್ಯವಿಲ್ಲದವನೆಂದು ಅವನ ಕಾಗದಪತ್ರಗಳಲ್ಲಿ ಬರೆದು, ಎದೆಯ ಮೇಲಿನ ರೆಕ್ಕೆಯ ಗುರುತನ್ನು ಕಿತ್ತು, ಕೀಳು ಕೆಲಸಕ್ಕೆ ಕಳುಹಿಸುತ್ತಿದ್ದರು. ಆ ಅವಮಾನಕ್ಕೆ ಅಂಜಿಯೇ ಎಷ್ಟೋ ಮಂದಿ ಮತ್ತೆ ವಿಮಾನವನ್ನು ಹತ್ತಿದರು.

ಪಟ್ಟಣಗಳನ್ನೇ ಗುರಿಯಾಗಿ ಹಿಡಿದದ್ದು ಹೇಗೆಂಬದನ್ನೂ ತಿಳಿಯಬೇಕು. ಮೊದಲು ಅವರು ಕಾರ್ಖಾನೆ, ರೈಲುದಾರಿ, ಎಣ್ಣೆಯ ಉಗ್ರಾಣ ಇವುಗಳನ್ನು ಹೊಡೆಯಬೇಕೆಂದಿದ್ದರು. ಹಗಲಲ್ಲಿ ಹೋದರೆ ಶತ್ರುಗಳು ಹೊಡೆದುರುಳಿಸುತ್ತಿದ್ದರು, ಆದಕಾರಣ ರಾತ್ರಿಯಲ್ಲಿ ಹೋದರು. ರಾತ್ರಿಯಲ್ಲಿ ಗುರಿಯು ಕಾಣದು. ೧೯೪೧ನೆಯ ಆಗಸ್ಟಿನಲ್ಲಿ ಛಾಯಾಚಿತ್ರಗಳನ್ನು ಪರೀಕ್ಷಿಸಿ ನೋಡಲಾಗಿ, ಗುರಿಯನ್ನು ಹೊಡೆದೆವೆಂದು ಹೇಳಿಕೊಂಡ ವಿಮಾನಗಳಲ್ಲಿ ಮೂರರಲ್ಲಿ ಒಂದು ಪಾಲು ಮಾತ್ರ ಗುರಿಯಿಂದ ಐದು ಮೈಲುಗಳೊಳಗೆ ಬಾಂಬು ಹಾಕಿದ್ದವೆಂದು ಗೊತ್ತಾಯಿತು. ಐದು ಮೈಲೆಂದರೆ ಒಂದು ಹಳ್ಳಿಯಿಂದ ಸಂತೆಯ ಊರಿಗೆ ನಡೆಯುವಷ್ಟು ದೂರ! ಇದನ್ನು ಕಂಡ ಮೇಲೆ ದೊಡ್ಡವರು ಏನು ಮಾಡಿದರು? ಬಾಣವು ಗುರಿಗೆ ತಗಲದಿದ್ದರೆ ಗುರಿಯನ್ನೇ ದೊಡ್ಡದು ಮಾಡಿದರು. ೧೯೪೨ನೆಯ ಫೆಬ್ರವರಿ ೧೪ರಲ್ಲಿ ಹೊರಟ ಅಪ್ಪಣೆಯ ಪ್ರಕಾರ ಶತ್ರುದೇಶದ ಜನರ, ವಿಶೇಷವಾಗಿ ಕಾರ್ಖಾನೆಗಳ ಕೂಲಿಗಾರರ, ಮನಸ್ಸನ್ನು ಮುರಿಯುವದೇ ಉದ್ದೇಶವಾಯಿತು. ಕೂಲಿಗಾರರ ಮನಸ್ಸು ಎಲ್ಲಿರುವದು? ಅವರ ಮನೆಗಳಲ್ಲಿ. ಹೀಗೆ ಮನೆಗಳು ಗುರಿಯಾದವು. ಕೆಲವೇ ದಿನಗಳ ಮೇಲೆ ಆರ್ಥರ್ ಹ್ಯಾರಿಸ್ ಎಂಬವರು ದಳದ ಅಧಿಪತಿಯಾಗಿ ಬಂದು ಈ ಕೆಲಸವನ್ನು ಸಂಕೋಚವಿಲ್ಲದೆ ನಡಿಸಿದರು.

ಕೆಳಗೆ ಏನು ನಡೆಯಿತೆಂಬದಕ್ಕೆ ಹ್ಯಾಂಬರ್ಗ್ ಪಟ್ಟಣವೊಂದು ಸಾಕು. ೧೯೪೩ನೆಯ ಜುಲೈ ೨೪ರಿಂದ ಹತ್ತು ದಿನಗಳೊಳಗೆ ಬ್ರಿಟಿಷರು ನಾಲ್ಕು ರಾತ್ರಿ ಅಲ್ಲಿಗೆ ಹೋದರು. ೨೭ರ ರಾತ್ರಿಯಲ್ಲಿ ಏಳುನೂರಕ್ಕಿಂತ ಹೆಚ್ಚು ವಿಮಾನಗಳು ಬಂದವು. ಸೆಕೆಯ ಕಾಲ, ಮಳೆಯಿಲ್ಲದೆ ಎಲ್ಲವೂ ಒಣಗಿತ್ತು. ದೊಡ್ಡ ಬಾಂಬುಗಳು ಮಾಡುಗಳನ್ನೂ ಕಿಟಕಿಗಳನ್ನೂ ಹಾರಿಸಿದವು. ತೆರೆದ ಮನೆಗಳೊಳಗೆ ಸಣ್ಣ ಬೆಂಕಿಬಾಂಬುಗಳು ಲಕ್ಷಗಟ್ಟಲೆ ಬಿದ್ದವು. ಸಾವಿರಾರು ಬೆಂಕಿಗಳು ಕೂಡಿಕೊಂಡು ಒಂದೇ ಬೆಂಕಿಯಾಗಿ, ಸುತ್ತಲಿನ ಗಾಳಿಯನ್ನು ತನ್ನೊಳಗೆ ಎಳಕೊಳ್ಳುತ್ತಾ, ಮರಗಳನ್ನು ಬುಡದಿಂದ ಕೀಳುವ ಬಿರುಗಾಳಿಯನ್ನು ಎಬ್ಬಿಸಿತು. ಬೀದಿಯಲ್ಲಿ ಓಡಿದವರು ಕರಗಿದ ಡಾಂಬರಿನಲ್ಲಿ ಸಿಕ್ಕಿಕೊಂಡರು. ನೆಲಮಾಳಿಗೆಗಳಲ್ಲಿ ಅಡಗಿದವರು ವಿಷಗಾಳಿಯಿಂದ, ಮಲಗಿದವರ ಹಾಗೆ, ಸತ್ತರು. ಆ ಕೆಲವು ದಿನಗಳಲ್ಲಿ ಸತ್ತವರು ಸುಮಾರು ೩೫,೦೦೦ದಿಂದ ೪೦,೦೦೦ ಮಂದಿ. ಅವರಲ್ಲಿ ಮುದುಕರೂ ಹೆಂಗಸರೂ ಮಕ್ಕಳೂ ಬಹಳ.

ಬಿಷಪ್ ಬೆಲ್ಲರು ಇದನ್ನೇ ಸಭೆಯ ಮುಂದೆ ಇಟ್ಟರು. ಅವರು ಯುದ್ಧವೇ ಕೂಡದೆನ್ನುವವರಲ್ಲ. ಹಿಟ್ಲರನ ದುಷ್ಟತನವನ್ನು ಅವರಷ್ಟು ಹತ್ತಿರದಿಂದ ತಿಳಿದವರು ಆ ಸಭೆಯಲ್ಲಿ ಸ್ವಲ್ಪವೇ ಮಂದಿ. ಜರ್ಮನಿಯಿಂದ ಓಡಿಬಂದವರಿಗೆ ಆಶ್ರಯ ಮಾಡಿಕೊಟ್ಟವರು, ಹಿಟ್ಲರನನ್ನು ಎದುರಿಸಿ ಪ್ರಾಣ ಕೊಟ್ಟ ಡೀಟ್ರಿಕ್ ಬಾನ್‌ಹಾಫರರ ಸ್ನೇಹಿತರು ಅವರು. ಕಾರ್ಖಾನೆಯನ್ನು ಹೊಡೆಯುವಾಗ ಹತ್ತಿರದ ಮನೆಯವರೂ ಸಾಯಬಹುದು, ಅದು ಯುದ್ಧದಲ್ಲಿ ತಪ್ಪಿಸಕೂಡದ ದುಃಖ, ಎಂಬದನ್ನು ಒಪ್ಪಿಕೊಂಡರು. ಜರ್ಮನರೇ ಮೊದಲು ವಾರ್ಸಾ, ರಾಟರ್‌ಡ್ಯಾಮ್, ಲಂಡನ್, ಕಾವೆಂಟ್ರಿ ಪಟ್ಟಣಗಳ ಮೇಲೆ ಬೆಂಕಿ ಸುರಿಸಿದರೆಂಬದನ್ನೂ ಮರೆಯಲಿಲ್ಲ. ಅವರು ಎಳೆದ ಗೆರೆಯು ಬೇರೆ. ಕಾರ್ಖಾನೆಯು ಪಟ್ಟಣದಲ್ಲಿದೆಯೆಂದು ಪಟ್ಟಣವನ್ನೆಲ್ಲಾ ಅಳಿಸುವದು, ಮಾಡಿದ ಕೆಲಸಕ್ಕೂ ಉದ್ದೇಶಕ್ಕೂ ಅಳತೆಯೇ ಇಲ್ಲದ ಹಾಗೆ ಮಾಡುವದು ಎಂದರು. ಬಣವೆಯ ಮಾತಿನಲ್ಲಿ ಹೇಳಬೇಕಾದರೆ, ಗಾಳಿಗೆ ಕಿಡಿ ಹಾರಿ ಗುಡಿಸಲು ಸುಟ್ಟದ್ದು ಒಂದು. ಬಣವೆಯ ಜಾಗ ಕತ್ತಲಲ್ಲಿ ಗೊತ್ತಾಗಲಿಲ್ಲವೆಂದು ಕೇರಿಗೇ ಬೆಂಕಿಯಿಟ್ಟದ್ದು ಇನ್ನೊಂದು. ಎರಡರಲ್ಲಿಯೂ ಕೂಸು ಸಾಯುವದು. ಮೊದಲನೆಯದರಲ್ಲಿ ಕೂಸು ಬದುಕಿದ್ದರೆ ಬೆಂಕಿಯಿಟ್ಟವನು ಸಂತೋಷಪಡುವನು; ಎರಡನೆಯದರಲ್ಲಿ ಜನರು ಬೆದರುವದೇ ಅವನ ಲಾಭ. ನಮ್ಮ ಬುದ್ಧಿಗೆ ಬೆಲ್ಲರ ಗೆರೆಯು ಸರಿಯಾದದ್ದಾಗಿಯೇ ತೋರುತ್ತದೆ. ಅವರ ಸಭೆಯವರಾದರೂ ಅವರ ಜೊತೆಗೆ ನಿಂತರೋ ಎಂದರೆ, ಆರ್ಚ್‌ಬಿಷಪ್ ವಿಲಿಯಮ್ ಟೆಂಪಲರು ಕೂಡ ಈ ವಿಷಯದಲ್ಲಿ ಅವರ ಪಕ್ಷವನ್ನು ವಹಿಸಲಿಲ್ಲ.

ಎದುರುಪಕ್ಷದವರ ಮಾತನ್ನೂ ಕೇಳಬೇಕು, ಯಾಕಂದರೆ ಅದು ಹಗುರವಾದದ್ದಲ್ಲ. ಹಿಟ್ಲರನ ಕೈಕೆಳಗೆ ಯೆಹೂದ್ಯರು ಲಕ್ಷಗಟ್ಟಲೆ ಕೊಲ್ಲಲ್ಪಡುತ್ತಿದ್ದರು. ಯುದ್ಧವು ಒಂದು ದಿನ ಬೇಗ ಮುಗಿದರೆ ಅಷ್ಟು ಪ್ರಾಣಗಳು ಉಳಿಯುವವು. ವಿಮಾನಗಳನ್ನು ಹೊಡೆಯುವದಕ್ಕಾಗಿ ಜರ್ಮನರು ಸಾವಿರಾರು ತೋಪುಗಳನ್ನೂ ಲಕ್ಷಾಂತರ ಆಳುಗಳನ್ನೂ ತಮ್ಮ ದೇಶದಲ್ಲಿಯೇ ಇಟ್ಟುಕೊಳ್ಳಬೇಕಾಯಿತು. ಇಲ್ಲದಿದ್ದರೆ ಅವು ರಷ್ಯದ ಕಡೆಗೆ ಹೋಗುತ್ತಿದ್ದವು. ಇದೆಲ್ಲಾ ನಿಜ. ಆದರೆ ಈ ವಾದವು ಎಲ್ಲಿ ನಿಲ್ಲುವದು? ಹೆಚ್ಚು ಜನರು ಉಳಿಯುವರೆಂದು ಲೆಕ್ಕ ಹೇಳಿ ಒಂದು ಕೂಸನ್ನು ಬೇಕೆಂದೇ ಬೆಂಕಿಗೆ ಹಾಕಬಹುದಾದರೆ, ಎರಡನ್ನೂ ಹಾಕಬಹುದು, ನಲವತ್ತು ಸಾವಿರವನ್ನೂ ಹಾಕಬಹುದು. ಲೆಕ್ಕಕ್ಕೆ ಕೊನೆಯಿಲ್ಲ. ಮತ್ತು ಆ ಲೆಕ್ಕವನ್ನು ಬರೆಯುವವನು ಯಾವಾಗಲೂ ಬೇರೆಯವರ ಕೂಸಿನಿಂದಲೇ ಆರಂಭಿಸುತ್ತಾನೆಂಬದನ್ನು ಗಮನಿಸಬೇಕು. ಮನಸ್ಸನ್ನು ಮುರಿಯುವೆವೆಂದು ಸುಟ್ಟ ಪಟ್ಟಣಗಳ ಕೂಲಿಗಾರರು ಬೂದಿಯನ್ನು ಝಾಡಿಸಿ ಮತ್ತೆ ಕೆಲಸಕ್ಕೆ ಹೋದರು. ಲಂಡನಿನವರು ಮುಂಚೆ ಹಾಗೆಯೇ ಮಾಡಿದ್ದರು.

ಇನ್ನು ವೈಮಾನಿಕನ ಪಾಲು ಎಷ್ಟು? ಕಾಣಲಿಲ್ಲವೆಂಬ ಮಾತು ಅವನನ್ನು ಬಿಡಿಸುವದೋ?

ಕಂಡವನೊಬ್ಬನ ಸಂಗತಿಯನ್ನು ಹೇಳುತ್ತೇವೆ. ೧೯೪೩ನೆಯ ಡಿಸೆಂಬರ್ ೨೦ರಲ್ಲಿ ಬ್ರೇಮೆನ್ ಪಟ್ಟಣದ ಮೇಲೆ ಬಾಂಬು ಹಾಕಿದ ಅಮೇರಿಕದ ವಿಮಾನವೊಂದು ಗುಂಡಿನ ಏಟುಗಳಿಂದ ಜಾಳಿಗೆಯಂತಾಗಿ, ಜೊತೆಯವರನ್ನು ತಪ್ಪಿ, ಒಂಟಿಯಾಗಿ ತೇಲುತ್ತಿತ್ತು. ನಡಿಸುತ್ತಿದ್ದ ಚಾರ್ಲಿ ಬ್ರೌನ್ ಎಂಬವನಿಗೆ ಇಪ್ಪತ್ತೊಂದು ವರುಷ. ಬಾಲದ ಗುಂಡುಗಾರನು ಸತ್ತಿದ್ದನು, ಉಳಿದವರಲ್ಲಿ ಅನೇಕರಿಗೆ ಗಾಯವಾಗಿತ್ತು. ಫ್ರಾಂಟ್ಸ್ ಸ್ಟಿಗ್ಲರ್ ಎಂಬ ಜರ್ಮನ್ ವೈಮಾನಿಕನು ತನ್ನ ಯುದ್ಧವಿಮಾನದಲ್ಲಿ ಹಿಂದಿನಿಂದ ಬಂದನು. ಒಂದು ಬೆರಳಿನ ಕೆಲಸ ಸಾಕಾಗಿತ್ತು. ಆದರೆ ಅವನು ಅಷ್ಟು ಹತ್ತಿರ ಬಂದಿದ್ದನೆಂದರೆ, ಹರಿದ ಮೈಯ ತೂತುಗಳಿಂದ ಒಳಗಿದ್ದವರು ಗಾಯಪಟ್ಟವನನ್ನು ಆರೈಕೆ ಮಾಡುವದು ಕಾಣಿಸಿತು. ಇವರನ್ನು ಹೊಡೆಯುವದು ಗಾಳಿಕೊಡೆಯಲ್ಲಿ ಇಳಿಯುವವನನ್ನು ಹೊಡೆಯುವದಕ್ಕೆ ಸಮಾನವೆಂದು ಅವನಿಗೆ ತೋರಿತು. ಪಕ್ಕದಲ್ಲಿಯೇ ಹಾರುತ್ತಾ ಅವರನ್ನು ಸಮುದ್ರದ ತನಕ ದಾಟಿಸಿ, ಕೈಯೆತ್ತಿ ವಂದಿಸಿ ಹಿಂತಿರುಗಿದನು. ಸುದ್ದಿ ತಿಳಿದಿದ್ದರೆ ಅವನ ತಲೆ ಹೋಗುತ್ತಿತ್ತು. ಆದಕಾರಣ ಬಹುಕಾಲ ಬಾಯಿ ಬಿಡಲಿಲ್ಲ. ಇಬ್ಬರೂ ಮುದುಕರಾದ ಮೇಲೆ, ೧೯೯೦ರಲ್ಲಿ, ಒಬ್ಬರನ್ನೊಬ್ಬರು ಕಂಡುಕೊಂಡು ಸಾಯುವ ತನಕ ಸಹೋದರರಂತಿದ್ದರು.

ಇದನ್ನು ಕೇಳಿದವರು, ಮುಖ ಕಂಡರೆ ಕರುಣೆ ಹುಟ್ಟುವದು, ದೂರವೇ ಪಾಪದ ಮೂಲ, ಎನ್ನಬಹುದು. ಅಷ್ಟು ಸುಲಭವಲ್ಲ. ಈಗಿನ ಕಾಲದಲ್ಲಿ ಆಳಿಲ್ಲದ ವಿಮಾನಗಳು ಬಂದಿವೆ. ಅವುಗಳನ್ನು ನಡಿಸುವವನು ಸಾವಿರಾರು ಮೈಲು ಆಚೆಗೆ ಕುರ್ಚಿಯಲ್ಲಿ ಕೂತು, ತಾನು ಹೊಡೆಯಬೇಕಾದ ಮನೆಯವರು ಹೊರಗೆ ಬರುವದನ್ನೂ ಒಳಗೆ ಹೋಗುವದನ್ನೂ ದಿನಗಟ್ಟಲೆ ಪರದೆಯ ಮೇಲೆ ನೋಡುತ್ತಾನೆ, ನೋಡಿಯೂ ಹೊಡೆಯುತ್ತಾನೆ. ಕಾಯಿನನು ತಮ್ಮನ ಮುಖವನ್ನು ಕಾಣದೆ ಕೊಂದನೋ? ಇತ್ತ ಚೆಶೈರರು ಲಿಮೋಜಿನ ಹೆಂಗಸರ ಮುಖವನ್ನು ಕಂಡವರಲ್ಲ. ಕತ್ತಲಲ್ಲಿ ಅವರಿದ್ದಾರೆಂದು ತಿಳಿದಿತ್ತು, ಅಷ್ಟೇ. ತಿಳಿದದ್ದನ್ನು ಕಂಡದ್ದರಷ್ಟೇ ದೊಡ್ಡದೆಂದು ಎಣಿಸಿ, ತನ್ನ ಪ್ರಾಣವನ್ನೂ ಜೊತೆಯವರ ಪ್ರಾಣವನ್ನೂ ಅಪಾಯಕ್ಕೆ ಒಡ್ಡಿ ಮೂರು ಸಾರಿ ಎಚ್ಚರಿಸಿದರು. ನಾವು ಕೇಳುವದು ಇದನ್ನೇ: ಕಾಣದ ಕೂಸು ಇದೆಯೆಂದು ತಿಳಿದವನು ಏನು ಮಾಡಿದನು?

ಹಾಗಾದರೆ ಹ್ಯಾಂಬರ್ಗಿನ ಮೇಲೆ ಹಾರಿದ ಹುಡುಗನಿಗೂ ತಿಳಿದಿತ್ತಲ್ಲವೇ? ಸ್ವಲ್ಪಮಟ್ಟಿಗೆ ತಿಳಿದಿತ್ತು. ಅವನಿಗೆ ಪಾಲಿಲ್ಲವೆಂದು ನಾವು ಹೇಳಲಾರೆವು. ಬದುಕಿ ಬಂದವರಲ್ಲಿ ಕೆಲವರು ತಾವೇ ಹಾಗೆ ಹೇಳಿಕೊಳ್ಳಲಿಲ್ಲ. ಆದರೆ ಪಾಲುಗಳು ಸಮವಲ್ಲ. ದಾವೀದನು ಊರೀಯನನ್ನು ಕೊಲ್ಲಿಸಿದ ಸಂಗತಿಯು ನಮ್ಮ ಸಭೆಗಳಲ್ಲಿ ಮಕ್ಕಳಿಗೂ ಗೊತ್ತು. ಗೋಡೆಯ ಮೇಲಿನಿಂದ ಹೊಡೆದವನು ಹೆಸರಿಲ್ಲದ ಅಮ್ಮೋನಿಯನು. ಸೈನ್ಯವನ್ನು ನಿಲ್ಲಿಸಿದವನು ಯೋವಾಬನು. ಪತ್ರವನ್ನು ಬರೆದವನು ಅರಮನೆಯಲ್ಲಿದ್ದನು. ಪ್ರವಾದಿಯಾದ ನಾತಾನನು ಬಿಲ್ಲುಗಾರನ ಗುಡಾರಕ್ಕೆ ಹೋಗಲಿಲ್ಲ, ನೆಟ್ಟಗೆ ಅರಮನೆಗೆ ಹೋದನು. ಬೆಲ್ಲರೂ ವಿಮಾನದಂಗಳಕ್ಕೆ ಹೋಗಿ ಹುಡುಗರನ್ನು ಗದರಿಸಲಿಲ್ಲ; ಅಪ್ಪಣೆ ಕೊಟ್ಟವರು ಕೂತಿದ್ದ ಸಭೆಯಲ್ಲಿ ಮಾತಾಡಿದರು.

ಪತ್ರ ಬರೆದವನ ಮತ್ತು ಬಿಲ್ಲು ಹಿಡಿದವನ ನಡುವೆ ಇನ್ನೂ ಅನೇಕರುಂಟು. ಫ್ರೀಮನ್ ಡೈಸನ್ ಎಂಬ ಪ್ರಸಿದ್ಧ ವಿಜ್ಞಾನಿಯು ಹತ್ತೊಂಬತ್ತು ವರುಷದವನಾಗಿದ್ದಾಗ ಬಾಂಬರ್ ದಳದ ಕಚೇರಿಯಲ್ಲಿ ಲೆಕ್ಕ ಮಾಡುವವನಾಗಿದ್ದನು. ಒಂದು ದಿನವೂ ಯುದ್ಧಕ್ಕೆ ಹಾರಲಿಲ್ಲ. ಆದರೂ ವರುಷಗಳ ಮೇಲೆ ಬರೆದಾಗ ತನ್ನನ್ನು ನಿರಪರಾಧಿಯೆಂದು ಎಣಿಸಿಕೊಳ್ಳಲಿಲ್ಲ. ನಮ್ಮ ನಾಡನ್ನೂ ಇಲ್ಲಿ ನೆನಸಬಹುದು. ೧೯೪೦ನೆಯ ಡಿಸೆಂಬರಿನಲ್ಲಿ ವಾಲ್‌ಚಂದ್ ಹೀರಾಚಂದರು ಮೈಸೂರು ಸರಕಾರದ ಸಹಾಯದಿಂದ ಬೆಂಗಳೂರಿನಲ್ಲಿ ಹಿಂದೂಸ್ಥಾನ್ ಏರ್‌ಕ್ರಾಫ್ಟ್ ಕಾರ್ಖಾನೆಯನ್ನು ಸ್ಥಾಪಿಸಿದರು. ೧೯೪೩ರಿಂದ ಅಲ್ಲಿ ಅಮೇರಿಕದ ಸೈನ್ಯದ ವಿಮಾನಗಳು ದುರಸ್ತಾಗುತ್ತಿದ್ದವು. ಅಲ್ಲಿ ಮೊಳೆ ಬಡಿದ ಕೆಲಸದವನ ಮೇಲೆ ಹೊಣೆ ಹೊರಿಸಬೇಕೆಂದು ನಾವು ಹೇಳುವದಿಲ್ಲ. ಮಚ್ಚನ್ನು ತಟ್ಟಿಕೊಟ್ಟ ಕಮ್ಮಾರನು ಕೊಲೆಗಾರನಲ್ಲ. ಆದರೆ ತಾನು ತಟ್ಟಿದ ಮಚ್ಚು ಎಲ್ಲಿಗೆ ಹೋಯಿತೆಂದು ವಿಚಾರಿಸುವ ಕಮ್ಮಾರನು ಊರಿಗೆ ಬೇಕಾದವನು.

ಬರೆದವರು ಕಡೆಯಲ್ಲಿ ಏನು ಮಾಡಿದರು? ೧೯೪೫ನೆಯ ಫೆಬ್ರವರಿಯಲ್ಲಿ ಡ್ರೆಸ್ಡೆನ್ ಪಟ್ಟಣವು ಸುಡಲ್ಪಟ್ಟು ಸುಮಾರು ೨೫,೦೦೦ ಮಂದಿ ಸತ್ತರು. ಅದರ ಮುಂದಿನ ತಿಂಗಳಲ್ಲಿ ಪ್ರಧಾನಮಂತ್ರಿ ಚರ್ಚಿಲರು, ಬೆದರಿಕೆಗಾಗಿಯೇ ಪಟ್ಟಣಗಳನ್ನು ಸುಡುವದನ್ನು ಮರುವಿಚಾರಿಸಬೇಕೆಂದು ಒಂದು ಟಿಪ್ಪಣಿಯನ್ನು ಬರೆದರು. ಸೇನಾಧಿಪತಿಗಳು ಆಕ್ಷೇಪಿಸಲು ಅದನ್ನು ಹಿಂತೆಗೆದು ಮಾತನ್ನು ತಗ್ಗಿಸಿದರು. ಮೇ ತಿಂಗಳ ೧೩ರಲ್ಲಿ ಜಯದ ಭಾಷಣವನ್ನು ಮಾಡುವಾಗ ಜರ್ಮನಿಯ ಮೇಲಿನ ಬಾಂಬುಯುದ್ಧವನ್ನು ಹೆಸರಿಸಿ ಹೊಗಳಲಿಲ್ಲ. ಆ ದಳದವರಿಗೆ ಪ್ರತ್ಯೇಕ ಪದಕವೂ ದೊರೆಯಲಿಲ್ಲ. ಬಿಲ್ಲೆಯೊಂದು ಸಿಕ್ಕಿದ್ದು ೨೦೧೩ರಲ್ಲಿ, ಅಷ್ಟರೊಳಗೆ ಬಹುತೇಕರು ಸತ್ತುಹೋಗಿದ್ದರು. ಕಳುಹಿಸುವಾಗ ನಮ್ಮ ವೀರರೆಂದು ಕಳುಹಿಸಿ, ಸುಟ್ಟ ವಾಸನೆ ಮೂಗಿಗೆ ಬಂದಾಗ ಅವರ ಕಡೆಗೆ ಬೆನ್ನು ತಿರುಗಿಸುವದು, ಪಿಲಾತನ ಬೋಗುಣಿಯಲ್ಲಿ ಕೈ ತೊಳೆದುಕೊಳ್ಳುವದಲ್ಲದೆ ಮತ್ತೇನು? ಹುಡುಗರ ಪಾಪವನ್ನು ನಾವು ಬಲ್ಲೆವು; ಇದು ಅದಕ್ಕಿಂತ ಹೇಯವಾದದ್ದೆಂದು ನಮ್ಮ ಎಣಿಕೆ.

ಸಭೆಯ ಹಿರಿಯರಿಗೆ ಒಂದು ಮಾತು. ಸೈನ್ಯದಿಂದ ಮನೆಗೆ ಬಂದ ಹುಡುಗನು ಜಗಲಿಯಲ್ಲಿ ಸುಮ್ಮನೆ ಕೂತಿರುವದುಂಟು, ರಾತ್ರಿಯಲ್ಲಿ ಬೆಚ್ಚಿಬೀಳುವದುಂಟು. ಅವನನ್ನು ವೀರನೆಂದು ಹೊಗಳಿ ಬಾಯಿ ಮುಚ್ಚಿಸಬೇಡಿರಿ. ಪಾಪಿಯೆಂದು ದೂರ ಇಡಲೂ ಬೇಡಿರಿ. ಅವನು ಹೇಳುವದಾದರೆ ಕೊನೆಯ ತನಕ ಕೇಳಿರಿ. ಅವನನ್ನು ಕಳುಹಿಸಿದ ದಿನ ಪ್ರಾರ್ಥನೆ ಮಾಡಿ ಹಾರ ಹಾಕಿದವರು ನಾವೇ ಆಗಿದ್ದರೆ, ಅವನ ಕೆಲಸದಲ್ಲಿ ನಮಗೂ ಪಾಲುಂಟು.

ಚೆಶೈರರ ಮುಂದಿನ ಸಂಗತಿಯನ್ನು ಹೇಳಿ ಮುಗಿಸುತ್ತೇವೆ. ಅವರು ಸುಮಾರು ನೂರು ಸಾರಿ ಬಾಂಬುಯುದ್ಧಕ್ಕೆ ಹೋಗಿ ವಿಕ್ಟೋರಿಯಾ ಕ್ರಾಸ್ ಪದಕವನ್ನು ಪಡೆದರು. ೧೯೪೫ನೆಯ ಆಗಸ್ಟ್ ೯ರಲ್ಲಿ ನಾಗಸಾಕಿಯ ಮೇಲೆ ಅಣುಬಾಂಬು ಬಿದ್ದಾಗ, ಬ್ರಿಟಿಷ್ ಸರಕಾರದ ಪರವಾಗಿ ನೋಡುವದಕ್ಕೆ ಜೊತೆಯ ವಿಮಾನದಲ್ಲಿ ಹೋಗಿದ್ದವರು ಅವರೇ. ೧೯೪೮ರಲ್ಲಿ, ಗತಿಯಿಲ್ಲದೆ ಸಾಯುತ್ತಿದ್ದ ಒಬ್ಬನನ್ನು ಮನೆಗೆ ತಂದು ತಾವೇ ಆರೈಕೆ ಮಾಡಿದರು. ಅದರಿಂದ ವಾಸಿಯಾಗದ ರೋಗಿಗಳಿಗೂ ಅಂಗವಿಕಲರಿಗೂ ಆಶ್ರಯದ ಮನೆಗಳು ಅನೇಕ ದೇಶಗಳಲ್ಲಿ ಹುಟ್ಟಿದವು. ಇದನ್ನು ಕೇಳಿ, ಮಾಡಿದ ಬಾಂಬುಯುದ್ಧಕ್ಕೆ ಪ್ರಾಯಶ್ಚಿತ್ತ ಮಾಡಿದರೆಂದು ಜನರು ಹೇಳುವದುಂಟು. ಅವರು ಹಾಗೆ ಹೇಳಲಿಲ್ಲ. ಆ ಯುದ್ಧವು ನಡಿಸತಕ್ಕದ್ದೇ ಆಗಿತ್ತೆಂದೂ ಅಣುಬಾಂಬು ಯುದ್ಧವನ್ನು ಮುಗಿಸಿತೆಂದೂ ೧೯೯೨ರಲ್ಲಿ ಸಾಯುವ ತನಕ ಸಾಧಿಸಿದರು. ಈ ವಿಷಯದಲ್ಲಿ ನಾವು ಅವರ ಪಕ್ಷದವರಲ್ಲ, ಬೆಲ್ಲರ ಪಕ್ಷದವರು. ಬೆಂಗಳೂರಿನ ಹಳೆಯ ವಿಮಾನನಿಲ್ದಾಣದ ರಸ್ತೆಯಲ್ಲಿ ಅವರ ಹೆಸರಿನ ಮನೆಯೊಂದುಂಟು. ಎದ್ದು ನಡೆಯಲಾರದವರನ್ನು ಅಲ್ಲಿ ನೋಡಿಕೊಳ್ಳುತ್ತಾರೆ.